ಉಪನಗರ ರೈಲು: ಹಣ ಮಂಜೂರಾಯಿತು, ಹೊಣೆ ಮಂಜೂರಾಗಲಿಲ್ಲ

ಬೆಂಗಳೂರು: ಯಶವಂತಪುರ ಬಿಟ್ಟ ರೈಲು ಲೊಟ್ಟೆಗೊಲ್ಲಹಳ್ಳಿ ದಾಟಿ ಹೆಬ್ಬಾಳದ ಕಡೆ ಹೊರಳುವ ದಾರಿಯಲ್ಲಿ ಹಳಿಯ ಮಗ್ಗುಲಿಗೆ ಕಾಂಕ್ರೀಟ್ ಕಂಬಗಳು ಎದ್ದವು. ಉಪನಗರ ರೈಲು ಯೋಜನೆಯ 'ಮಲ್ಲಿಗೆ' ಮಾರ್ಗ ಯಶವಂತಪುರ ಮತ್ತು ಹೆಬ್ಬಾಳದ ನಡುವೆ ಸುಮಾರು ಎಂಟು ಕಿಲೋಮೀಟರ್ ದೂರ ನೆಲಬಿಟ್ಟು ಮೇಲೆ ಸಾಗಬೇಕು. ಅದಕ್ಕಾಗಿ ನಿಂತ ಕಂಬಗಳಿವು. 2025ರಲ್ಲಿ ಗುತ್ತಿಗೆದಾರ ಸಂಸ್ಥೆ ಕೆಲಸದಿಂದ ಹಿಂದೆ ಸರಿದಾಗ ಕಂಬಗಳು ಇದ್ದಲ್ಲೇ ಉಳಿದವು, ಅವುಗಳ ಮೇಲೆ ಓಡಬೇಕಿದ್ದ ರೈಲು ಕಡತದಲ್ಲಿ ಉಳಿಯಿತು.

2022ರ ಜೂನ್ 20ರಂದು ಕೊಮ್ಮಘಟ್ಟದಲ್ಲಿ ಪ್ರಧಾನಿ ನರೇಂದ್ರ ಮೋದಿ ಈ ಯೋಜನೆಗೆ ಶಂಕುಸ್ಥಾಪನೆ ನೆರವೇರಿಸಿದ್ದರು. ನಲವತ್ತು ವರ್ಷಗಳಿಂದ ನನೆಗುದಿಗೆ ಬಿದ್ದ ಕೆಲಸವನ್ನು ನಲವತ್ತು ತಿಂಗಳಲ್ಲಿ ಮುಗಿಸಲು ಶ್ರಮಿಸುವುದಾಗಿ ಅಂದು ಅವರು ಭರವಸೆ ನೀಡಿದ್ದರು. ಆ ನಲವತ್ತು ತಿಂಗಳು 2025ರ ಅಕ್ಟೋಬರ್‌ನಲ್ಲಿ ಮುಗಿದವು. ನಾಲ್ಕು ಮಾರ್ಗಗಳ ಪೈಕಿ ಒಂದರಲ್ಲೂ ಅಷ್ಟರೊಳಗೆ ರೈಲು ಓಡಲಿಲ್ಲ.

ಇಲ್ಲಿ ಸಹಜವಾಗಿ ಕೇಳಿಬರುವ ಮಾತು 'ಹಣವಿಲ್ಲ' ಎಂಬುದು. ರಾಜ್ಯದವರನ್ನು ಕೇಳಿದರೆ ಕೇಂದ್ರದತ್ತ, ಕೇಂದ್ರದವರನ್ನು ಕೇಳಿದರೆ ರಾಜ್ಯದತ್ತ ಬೆರಳು ತೋರಿಸುತ್ತಾರೆ. ಆದರೆ ಮಂಜೂರಾತಿಯ ದಾಖಲೆ ಹೇಳುವುದೇ ಬೇರೆ. ಈ ಯೋಜನೆಗೆ ಹಣದ ಮೂಲ ಗೊತ್ತಾಗಿದೆ, ಪಾಲು ನಿಗದಿಯಾಗಿದೆ, ವಿದೇಶಿ ಸಾಲವೂ ಒದಗಿದೆ. ಗೊತ್ತಾಗದೆ ಉಳಿದಿರುವುದು ಒಂದೇ: ಕೆಲಸ ತಡವಾದರೆ, ವೆಚ್ಚ ಏರಿದರೆ, ಓಡಿದ ರೈಲು ನಷ್ಟ ಅನುಭವಿಸಿದರೆ ಆ ಭಾರ ಯಾರ ಹೆಗಲಿಗೆ? ಈ ಪ್ರಶ್ನೆಗೆ ಉತ್ತರ ಬರೆಯದೆ ಮಾಡಿಕೊಂಡ ಒಪ್ಪಂದದ ಫಲವನ್ನು ಉತ್ತರ ಬೆಂಗಳೂರು ಉಣ್ಣುತ್ತಿದೆ.

ಕಾಗದದ ಮೇಲಿನ ಲೆಕ್ಕ

ಒಟ್ಟು 148.17 ಕಿಲೋಮೀಟರ್, ನಾಲ್ಕು ಮಾರ್ಗ. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ಯಲಹಂಕ ಮಾರ್ಗವಾಗಿ ದೇವನಹಳ್ಳಿಗೆ 'ಸಂಪಿಗೆ', 41.40 ಕಿ.ಮೀ. ಬೈಯಪ್ಪನಹಳ್ಳಿಯಿಂದ ಬಾಣಸವಾಡಿ, ಹೆಬ್ಬಾಳ, ಯಶವಂತಪುರ ಮೂಲಕ ಚಿಕ್ಕಬಾಣಾವರಕ್ಕೆ 'ಮಲ್ಲಿಗೆ', 25.01 ಕಿ.ಮೀ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ 'ಪಾರಿಜಾತ', 35.52 ಕಿ.ಮೀ. ಹೀಲಲಿಗೆಯಿಂದ ಯಲಹಂಕ ಹಾದು ರಾಜಾನುಕುಂಟೆಗೆ 'ಕನಕ', 46.24 ಕಿ.ಮೀ. ಹೂವಿನ ಹೆಸರುಗಳು ಸೊಗಸಾಗಿವೆ, ಅದರಲ್ಲಿ ತಕರಾರಿಲ್ಲ. ನಾಲ್ಕರಲ್ಲಿ ಮೂರು ಮಾರ್ಗಗಳು ನಗರದ ಉತ್ತರ ಭಾಗವನ್ನು ಮುಟ್ಟುತ್ತವೆ ಎಂಬುದು ಗಮನಿಸಬೇಕಾದ ಸಂಗತಿ.

ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಈ ಯೋಜನೆಗೆ 2020ರ ಅಕ್ಟೋಬರ್ 7ರಂದು ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 15,767 ಕೋಟಿ ರೂ., ಪೂರ್ಣಗೊಳಿಸಲು ಆರು ವರ್ಷ. ಕೇಂದ್ರದ ಪಾಲು ಶೇ. 20, ರಾಜ್ಯದ ಪಾಲು ಶೇ. 20, ಉಳಿದ ಶೇ. 60 ಬಾಹ್ಯ ಸಾಲ. ಅಂದರೆ ಎರಡು ಸರ್ಕಾರಗಳು ತಲಾ 3,150 ಕೋಟಿ ರೂ.ಗಳಷ್ಟು ಹಾಕಬೇಕು, ಸುಮಾರು 9,460 ಕೋಟಿ ರೂ. ಸಾಲವಾಗಿ ಬರಬೇಕು. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ 50 ಕೋಟಿ ಯೂರೋ, ಐರೋಪ್ಯ ಹೂಡಿಕೆ ಬ್ಯಾಂಕ್ 30 ಕೋಟಿ ಯೂರೋ ನೀಡಲು ಮುಂದಾದವು. ಎರಡೂ ಸೇರಿದರೆ ಏಳು ಸಾವಿರ ಕೋಟಿ ರೂ. ಮೀರುತ್ತದೆ. ವಿಮಾನ ನಿಲ್ದಾಣ ತೆರೆದು ಹದಿಮೂರು ವರ್ಷದ ಬಳಿಕವಷ್ಟೇ ಮೆಟ್ರೊ ಸಂಪರ್ಕಕ್ಕೆ ಒಪ್ಪಿಗೆ ಕಂಡ ಊರಿಗೆ ಇದು ಕಡಿಮೆ ಭಾಗ್ಯವೇನಲ್ಲ.

ಆದರೆ ವಿದೇಶಿ ಸಾಲದ ಸ್ವಭಾವ ಬಲ್ಲವರಿಗೆ ಇಲ್ಲೊಂದು ಮುಳ್ಳು ಕಾಣುತ್ತದೆ. ಬ್ಯಾಂಕು ಸಾಲ ಮಂಜೂರು ಮಾಡಿದೊಡನೆ ಹಣ ಖಾತೆಗೆ ಬೀಳುವುದಿಲ್ಲ. ಕೆಲಸ ನಡೆದಂತೆ, ಬಿಲ್ಲು ಸಲ್ಲಿಸಿದಂತೆ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಕೆಲಸ ನಿಂತರೆ ಸಾಲವೂ ನಿಲ್ಲುತ್ತದೆ. ಬಳಸದೆ ಉಳಿಸಿದ ಸಾಲಕ್ಕೆ ಬದ್ಧತಾ ಶುಲ್ಕ ತೆರುವುದು ಇಂತಹ ಒಪ್ಪಂದಗಳಲ್ಲಿ ಸಾಮಾನ್ಯ. ಯೂರೋ ಎದುರು ರೂಪಾಯಿ ಕುಸಿದಷ್ಟೂ ಮರುಪಾವತಿಯ ಭಾರ ಏರುತ್ತದೆ. ಆದ್ದರಿಂದ ಹಣ ಒದಗಿದೆ ಎಂದು ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಹಾಗಿಲ್ಲ. ಒಂದೊಂದು ತಿಂಗಳ ವಿಳಂಬಕ್ಕೂ ಬೆಲೆಯಿದೆ, ಆ ಬೆಲೆ ಯಾವ ಬಜೆಟ್ ಭಾಷಣದಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಮೊದಲ ಅಂದಾಜುಗಳು ಎಷ್ಟು ಬಾರಿ ಬದಲಾದವು ಎಂಬುದನ್ನೂ ನೆನೆಯಬೇಕು. 1983ರಲ್ಲೇ ದಕ್ಷಿಣ ರೈಲ್ವೆಯ ಮಹಾನಗರ ಸಾರಿಗೆ ತಂಡ ಬೆಂಗಳೂರಿಗೆ ಮೆಟ್ರೊ ಜೊತೆಗೆ ನಿತ್ಯಪ್ರಯಾಣಿಕರ ರೈಲು ಮತ್ತು ವರ್ತುಲ ರೈಲನ್ನು ಸೂಚಿಸಿತ್ತು. ಆಗಿನ ಅಂದಾಜು 650 ಕೋಟಿ ರೂ., ಅದರಲ್ಲಿ ನಿತ್ಯಪ್ರಯಾಣಿಕರ ರೈಲಿನ ಭಾಗ ಕೇವಲ 106 ಕೋಟಿ ರೂ. ಆ ವರದಿ ಕಪಾಟು ಸೇರಿತು. 2018ರ ಕೇಂದ್ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ 160 ಕಿಲೋಮೀಟರ್ ಜಾಲಕ್ಕೆ 17,000 ಕೋಟಿ ರೂ. ಎಂದರು. 2020ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 148 ಕಿಲೋಮೀಟರ್‌ಗೆ 18,600 ಕೋಟಿ ರೂ. ಎಂದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿದ್ದು 15,767 ಕೋಟಿಗೆ. ವೆಚ್ಚ ತಗ್ಗಿಸಿದ್ದು ಮಂಜೂರಾತಿಗೆ ಅನುಕೂಲವಾಯಿತು. ಆದರೆ ಎಂಟು ತಿಂಗಳೊಳಗೆ ಅಂದಾಜಿನಿಂದ ಇಳಿದ 2,800 ಕೋಟಿ ರೂ. ಮುಂದೊಂದು ದಿನ ಹಿಂದಿರುಗಿ ಬಂದರೆ ಅದಕ್ಕೆ ಜವಾಬು ಕೊಡಬೇಕಾದವರು ಯಾರು?

ಯಜಮಾನಿಕೆಯ ಜಗಳ

ಯೋಜನೆಯನ್ನು ಜಾರಿಗೊಳಿಸುತ್ತಿರುವುದು ಕೆ-ರೈಡ್. ಇದರಲ್ಲಿ ರಾಜ್ಯ ಸರ್ಕಾರದ ಪಾಲು ಶೇ. 51, ರೈಲ್ವೆ ಸಚಿವಾಲಯದ ಪಾಲು ಶೇ. 49. ಎರಡು ಅಂಕಿಗಳ ನಡುವಿನ ಅಂತರ ಚಿಕ್ಕದಾದರೂ ಜಗಳ ದೊಡ್ಡದು. ಸಂಸ್ಥೆಯ ವ್ಯವಸ್ಥಾಪಕ ನಿರ್ದೇಶಕರ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬ ವಿಷಯದಲ್ಲಿ 2023ರಿಂದೀಚೆಗೆ ನಡೆದ ಹಗ್ಗಜಗ್ಗಾಟ ಇದಕ್ಕೆ ಸಾಕ್ಷಿ. ರೈಲ್ವೆಯಲ್ಲಿ ಪಳಗಿದ ತಾಂತ್ರಿಕ ಅಧಿಕಾರಿಯೇ ಪೂರ್ಣಾವಧಿಗೆ ಇರಬೇಕೆಂದು ರೈಲ್ವೆ ಸಚಿವಾಲಯ ಪಟ್ಟು ಹಿಡಿಯಿತು. ಬಹುಕಾಲ ಆ ಹುದ್ದೆಯ ಹೊಣೆಯನ್ನು ಐಎಎಸ್ ಅಧಿಕಾರಿ ಹೊತ್ತಿದ್ದರು. ಹೆಚ್ಚಿನ ಪಾಲು ನಮ್ಮದು, ಸಾಲ ತೀರಿಸುವ ಹೊಣೆಯೂ ಕೊನೆಗೆ ನಮ್ಮದೇ, ಹಾಗಿರುವಾಗ ಯಜಮಾನಿಕೆ ಬೇರೆಯವರಿಗೇಕೆ ಎಂಬುದು ರಾಜ್ಯದ ವಾದ. ಹಳಿ ನಮ್ಮದು, ಜಾಗ ನಮ್ಮದು, ಸುರಕ್ಷತೆಯ ಹೊಣೆ ನಮ್ಮದು, ರೈಲು ಗೊತ್ತಿಲ್ಲದವರ ಕೈಗೆ ಇದನ್ನು ಹೇಗೆ ಕೊಡುವುದು ಎಂಬುದು ರೈಲ್ವೆಯ ವಾದ.

ಎರಡೂ ವಾದಗಳಲ್ಲಿ ತಿರುಳಿದೆ. ನಿಷ್ಪಕ್ಷಪಾತವಾಗಿ ನೋಡಿದರೆ ರೈಲ್ವೆಯ ಮಾತೇ ಇಲ್ಲಿ ಹೆಚ್ಚು ತೂಗುತ್ತದೆ. ಸಾವಿರಾರು ಕೋಟಿಯ ಎಂಜಿನಿಯರಿಂಗ್ ಕೆಲಸಕ್ಕೆ ಹೆಚ್ಚುವರಿ ಹೊಣೆಯ ಮುಖ್ಯಸ್ಥರನ್ನು ಇಟ್ಟುಕೊಂಡು ನಡೆಸುವುದು ಯಾವ ಸರ್ಕಾರಕ್ಕೂ ಶೋಭೆಯಲ್ಲ. ಆದರೆ ಸಾಲದ ಪ್ರಶ್ನೆಯಲ್ಲಿ ರಾಜ್ಯದ ಆತಂಕ ನ್ಯಾಯವಾದದ್ದು. ಕೇಂದ್ರದ 2017ರ ಮೆಟ್ರೊ ರೈಲು ನೀತಿಯೇ ನೋಡಿ: ನಿರ್ವಹಣೆಯ ನಷ್ಟ, ಸಾಲದ ಹೊರೆ ಎಲ್ಲವೂ ರಾಜ್ಯದ ಪಾಲಿಗೆ ಬರುತ್ತವೆ. ಬೆಂಗಳೂರಿನ ಮೆಟ್ರೊ ಮೊದಲ ಹಂತ 2006ರಲ್ಲಿ ಮಂಜೂರಾದಾಗ 6,395 ಕೋಟಿ ರೂ.; ಮುಗಿಯುವ ವೇಳೆಗೆ 13 ಸಾವಿರ ಕೋಟಿ ದಾಟಿತ್ತು. 26,405 ಕೋಟಿ ರೂ.ಗಳಿಗೆ 2014ರಲ್ಲಿ ಒಪ್ಪಿಗೆ ಪಡೆದ ಎರಡನೇ ಹಂತ 30 ಸಾವಿರ ಕೋಟಿ ಮೀರಿ ಬೆಳೆಯಿತು. ಇಷ್ಟು ಪೆಟ್ಟು ತಿಂದ ಮೇಲೆ ರಾಜ್ಯದ ಹಣಕಾಸು ಇಲಾಖೆ ಎಚ್ಚರಿಕೆಯಿಂದ ಹೆಜ್ಜೆ ಇಡುವುದು ಸಹಜ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಮಲ್ಲಿಗೆ ಮಾರ್ಗದ ಕಥೆ ಇದೇ. 2022ರ ಆಗಸ್ಟ್‌ನಲ್ಲಿ ಎಲ್ ಆಂಡ್ ಟಿ ಸಂಸ್ಥೆಗೆ ಸುಮಾರು 860 ಕೋಟಿ ರೂ. ಗುತ್ತಿಗೆ ದೊರೆಯಿತು. ಎರಡು ವರ್ಷ ಚಿಲ್ಲರೆಯಲ್ಲಿ ಮುಗಿಯಬೇಕಿದ್ದ ಕೆಲಸವದು. ಮುಂದೆ ಕನಕ ಮಾರ್ಗದ ಗುತ್ತಿಗೆಯೂ ಅದೇ ಸಂಸ್ಥೆಯ ಪಾಲಾಯಿತು. ಗುತ್ತಿಗೆ ಕೊಟ್ಟಾಯಿತು, ಆದರೆ ಕೆಲಸ ಮಾಡಲು ಬೇಕಾದ ಜಾಗ ಪೂರ್ತಿ ಕೈಸೇರಲಿಲ್ಲ. ರೈಲ್ವೆಯ ಜಾಗ, ರಕ್ಷಣಾ ಇಲಾಖೆಯ ಜಾಗ, ಖಾಸಗಿ ಜಾಗ, ಸರಿಸಬೇಕಾದ ಕೊಳವೆ ಮತ್ತು ವಿದ್ಯುತ್ ತಂತಿ, ಕಡಿಯಬೇಕಾದ ಮರಗಳಿಗೆ ಅನುಮತಿ ಹೀಗೆ ಒಂದೊಂದಕ್ಕೂ ಒಂದೊಂದು ಕಚೇರಿ. ಜಾಗ ಸಕಾಲಕ್ಕೆ ಸಿಗಲಿಲ್ಲವೆಂಬ ಕಾರಣ ಮುಂದಿಟ್ಟು 2025ರಲ್ಲಿ ಸಂಸ್ಥೆ ಎರಡೂ ಗುತ್ತಿಗೆಗಳಿಂದ ಹೊರನಡೆದು ಪರಿಹಾರ ಕೇಳಿತು. ವ್ಯಾಜ್ಯ ಶುರುವಾಯಿತು. ಯೋಜನೆಯ ಗಡುವು 2030ರ ಮಾತಿಗೆ ಬಂದು ನಿಂತಿತು.

ಇಲ್ಲಿ ಯಾರೂ ಹಣ ಕೊಡುವುದಿಲ್ಲ ಎಂದಿರಲಿಲ್ಲ ಎಂಬುದನ್ನು ಮತ್ತೆ ಹೇಳಬೇಕಾಗುತ್ತದೆ. ಖರ್ಚು ಮಾಡಲು ಬೇಕಾದ ನೆಲ, ಸಹಿ ಮತ್ತು ಮುಖ್ಯಸ್ಥರು ಒಂದೇ ಕಾಲಕ್ಕೆ ಒಂದೆಡೆ ಸೇರಲಿಲ್ಲ. ಬೋಗಿಗಳ ವಿಷಯವೂ ಅಷ್ಟೆ. ಖಾಸಗಿ ಸಹಭಾಗಿತ್ವದಲ್ಲಿ ಬೋಗಿ ಪಡೆಯುವ ಮೊದಲ ಏರ್ಪಾಡು ಕೈಗೂಡಲಿಲ್ಲ. ಸರ್ಕಾರಗಳೇ ಖರೀದಿಸಬೇಕು ಎಂದಾದಾಗ ವೆಚ್ಚದ ಹಂಚಿಕೆಯ ಮಾತು ಮತ್ತೆ ಮೊದಲಿನಿಂದ ಆರಂಭವಾಯಿತು.

ಉತ್ತರದ ನಾಲ್ಕು ಬಡಾವಣೆ, ನಾಲ್ಕು ಕಡತ

ದೂರದ ಹುಬ್ಬಳ್ಳಿ, ಮಂಗಳೂರಿನ ಓದುಗರಿಗೆ ಉತ್ತರ ಬೆಂಗಳೂರು ಎಂದರೆ ವಿಮಾನ ನಿಲ್ದಾಣದ ದಾರಿ ಮಾತ್ರ. ಆದರೆ ಇಲ್ಲಿನ ಒಂದೊಂದು ಬಡಾವಣೆಯ ಭವಿಷ್ಯ ದೆಹಲಿಯ ಒಂದೊಂದು ಬೇರೆ ಕಡತಕ್ಕೆ ಕಟ್ಟುಬಿದ್ದಿದೆ.

ಯಶವಂತಪುರದ ಸ್ಥಿತಿ ವಾಸಿ. ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೊ 2014ರ ಮಾರ್ಚ್ 1ರಿಂದಲೇ ಓಡುತ್ತಿದೆ, ದೊಡ್ಡ ರೈಲು ನಿಲ್ದಾಣವೂ ಇದೆ. ಆದರೆ ಯಶವಂತಪುರದಿಂದ ಹೆಬ್ಬಾಳಕ್ಕೋ ಬಾಣಸವಾಡಿಗೋ ಹೋಗಬೇಕಾದವರಿಗೆ ಮೆಟ್ರೊ ಉಪಯೋಗಕ್ಕಿಲ್ಲ. ಅವರ ಆಸೆ ಮಲ್ಲಿಗೆಯ ಮೇಲೆ.

ಯಲಹಂಕದವರಿಗೆ ಸಂಪಿಗೆ, ಕನಕ ಎರಡೂ ಬೇಕು. ಅನುಮೋದನೆಯ ಕಾಲದಲ್ಲಿ ವಿಮಾನ ನಿಲ್ದಾಣದ ದಿಕ್ಕಿನ ಸಂಪಿಗೆಗೇ ಮೊದಲ ಮಣೆ ಎಂಬ ಮಾತಿತ್ತು. ನಂತರ ಜಾಗ ಸುಲಭವಾಗಿ ಸಿಗಬಹುದೆಂದು ಮಲ್ಲಿಗೆ, ಕನಕ ಮುಂದೆ ಬಂದವು, ಸಂಪಿಗೆ ಹಿಂದೆ ಸರಿಯಿತು. ಈ ಭಾಗದ ಜನ ಇಂತಹ ಹಿಂಸರಿತವನ್ನು ಮೊದಲ ಸಲ ನೋಡುತ್ತಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಾಗ ಮಿನ್ಸ್ಕ್ ಚೌಕದಿಂದ ಅಲ್ಲಿಗೆ ಅತಿವೇಗದ ರೈಲು ಬರುತ್ತದೆಂದು ಹೇಳಲಾಗಿತ್ತು. ಅದಕ್ಕಾಗಿಯೇ ಪ್ರತ್ಯೇಕ ಕಂಪನಿಯೂ ಸ್ಥಾಪನೆಯಾಯಿತು, ವರದಿಯೂ ಸಿದ್ಧವಾಯಿತು, ಕೊನೆಗೆ ಯೋಜನೆಯನ್ನೇ ಕೈಬಿಡಲಾಯಿತು. ರೇಷ್ಮೆ ಮಂಡಳಿಯಿಂದ ಕೆ.ಆರ್. ಪುರ, ಹೆಬ್ಬಾಳ, ಯಲಹಂಕ ಮಾರ್ಗವಾಗಿ ವಿಮಾನ ನಿಲ್ದಾಣಕ್ಕೆ 58.19 ಕಿ.ಮೀ. ಮೆಟ್ರೊಗೆ ಕೇಂದ್ರ ಒಪ್ಪಿದ್ದು 2021ರ ಏಪ್ರಿಲ್‌ನಲ್ಲಿ, 14,788 ಕೋಟಿ ರೂ. ವೆಚ್ಚದಲ್ಲಿ. 2021ರ ಜನವರಿಯಲ್ಲಿ ರೈಲ್ವೆ ತನ್ನ ಹಳೆಯ ಮಾರ್ಗದಲ್ಲಿ ವಿಮಾನ ನಿಲ್ದಾಣದ ಬಳಿ ಒಂದು ಪುಟ್ಟ ತಂಗುನಿಲ್ದಾಣ ತೆರೆದದ್ದೇನೋ ನಿಜ. ಒಂಟಿ ಹಳಿಯ ಮೇಲೆ ಬೆರಳೆಣಿಕೆಯ ರೈಲುಗಳು ಓಡಿದರೆ ವಿಮಾನದ ಹೊತ್ತಿಗೆ ಹೊಂದುವುದು ಹೇಗೆ?

ಹೆಬ್ಬಾಳವಂತೂ ಎಲ್ಲ ನಕ್ಷೆಗಳಲ್ಲೂ ಕೇಂದ್ರಬಿಂದು. ವಿಮಾನ ನಿಲ್ದಾಣದ ಮೆಟ್ರೊ ಇಲ್ಲಿ ಹಾಯಬೇಕು. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ ಜೆ.ಪಿ. ನಗರ-ಕೆಂಪಾಪುರ ಮಾರ್ಗ ಇಲ್ಲಿಗೇ ಬರಬೇಕು. ಮಲ್ಲಿಗೆ ಇಲ್ಲಿ ನಿಲ್ಲಬೇಕು. ಸರ್ಜಾಪುರದಿಂದ ಹೊರಡುವ ಕೆಂಪು ಮಾರ್ಗ ಇಲ್ಲಿ ಕೊನೆಗೊಳ್ಳಬೇಕು. ಇದಲ್ಲದೆ ಸುರಂಗ ರಸ್ತೆಯ ಬಾಯಿಯೂ ಇಲ್ಲೇ. ಇಷ್ಟು ಮಂದಿ ಅತಿಥಿಗಳನ್ನು ಕರೆದ ಮನೆಯಲ್ಲಿ ಎಲೆ ಹಾಕಲು ಜಾಗವಿದೆಯೇ ಎಂದು ಯಾರೂ ಮೊದಲೇ ನೋಡಲಿಲ್ಲ. ಮೆಟ್ರೊ ನಿಗಮ ತನ್ನ ನಿಲ್ದಾಣ ಹಾಗೂ ಡಿಪೊಗೆ ಹೆಬ್ಬಾಳದಲ್ಲಿ 45 ಎಕರೆ ಕೇಳಿ ವರ್ಷಗಟ್ಟಲೆ ಕಾಯಬೇಕಾಯಿತು.

ಇನ್ನು ಆರ್.ಟಿ. ನಗರ. ಅದಕ್ಕೆ ಹತ್ತಿರದಲ್ಲಿ ಉಪನಗರ ರೈಲೂ ಇಲ್ಲ, ಓಡುತ್ತಿರುವ ಮೆಟ್ರೊವೂ ಇಲ್ಲ. ಇರುವ ಆಸೆಯೆಲ್ಲ ಗಂಗಾನಗರ, ಪಶುವೈದ್ಯಕೀಯ ಕಾಲೇಜು, ಮೇಖ್ರಿ ವೃತ್ತದ ಮೂಲಕ ಹಾಯಬೇಕಾದ ಸರ್ಜಾಪುರ-ಹೆಬ್ಬಾಳ ಕೆಂಪು ಮಾರ್ಗದ ಮೇಲೆ. 36.59 ಕಿಲೋಮೀಟರ್‌ನ ಈ ಮಾರ್ಗಕ್ಕೆ 28,405 ಕೋಟಿ ರೂ. ಬೇಕೆಂದು 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ ದೆಹಲಿಗೆ ಕಳಿಸಿತು. ವೆಚ್ಚ ವಿಪರೀತವಾಯಿತು, ಮತ್ತೊಮ್ಮೆ ಪರಿಶೀಲಿಸಿ ಎಂಬ ಸೂಚನೆ ಅಲ್ಲಿಂದ ಬಂತು. ಸೂಚನೆಯಲ್ಲಿ ರಾಜಕೀಯವಿದೆ ಎಂದು ಹೇಳುವವರಿದ್ದಾರೆ. ಆದರೆ ಕಿಲೋಮೀಟರಿಗೆ 776 ಕೋಟಿ ರೂ. ಎಂದರೆ ಯಾವ ಪಕ್ಷದ ಹಣಕಾಸು ಸಚಿವರಾದರೂ ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿಯಾರು.

ಈ ಲೆಕ್ಕವನ್ನು ಒಂದಿಷ್ಟು ಮುಂದುವರಿಸಬೇಕು, ಏಕೆಂದರೆ ವಿಚಿತ್ರವಿರುವುದು ಇಲ್ಲೇ. ಮೆಟ್ರೊ ಮೂರನೇ ಹಂತ 44.65 ಕಿಲೋಮೀಟರ್‌ಗೆ 15,611 ಕೋಟಿ ರೂ., ಅಂದರೆ ಕಿಲೋಮೀಟರಿಗೆ 350 ಕೋಟಿ. ಹೆಬ್ಬಾಳದಿಂದ ರೇಷ್ಮೆ ಮಂಡಳಿಯವರೆಗಿನ ಸುರಂಗ ರಸ್ತೆಗೆ 16.75 ಕಿಲೋಮೀಟರ್‌ಗೆ 17 ಸಾವಿರ ಕೋಟಿ ರೂ.ಗೂ ಮೀರಿದ ಅಂದಾಜು, ಅಂದರೆ ಕಿಲೋಮೀಟರಿಗೆ ಸಾವಿರ ಕೋಟಿಗಿಂತ ಹೆಚ್ಚು. ಉಪನಗರ ರೈಲಿಗೆ? ಕಿಲೋಮೀಟರಿಗೆ 106 ಕೋಟಿ. ಸುರಂಗದ ಒಂದು ಕಿಲೋಮೀಟರ್ ಹಣದಲ್ಲಿ ಉಪನಗರ ರೈಲಿನ ಒಂಬತ್ತು ಕಿಲೋಮೀಟರ್ ಬರುತ್ತದೆ. ವೆಚ್ಚ ಏರಿ ಇಮ್ಮಡಿಯಾದರೂ ಇದೇ ಎಲ್ಲಕ್ಕಿಂತ ಅಗ್ಗ. ಹೀಗಿದ್ದೂ ಎಲ್ಲಕ್ಕಿಂತ ಹಿಂದೆ ಬಿದ್ದಿರುವುದು ಇದೇ.

ಕಾರಣ ಸರಳ. ಸುರಂಗ ರಸ್ತೆಗೆ ರಾಜ್ಯವೊಂದೇ ಯಜಮಾನ. ಕೀರ್ತಿಯೂ ಅದರದೇ, ಟೀಕೆಯೂ ಅದರದೇ. ಮೆಟ್ರೊದಲ್ಲಿ ಎರಡೂ ಸರ್ಕಾರಗಳ ಸಮಪಾಲು ಇದ್ದರೂ ಎರಡು ದಶಕಗಳ ಪರಿಪಾಠ ಬೆಳೆದಿದೆ. ಉಪನಗರ ರೈಲಿನಲ್ಲಿ ಹಾಗಲ್ಲ. ಮೈಲಿಗಲ್ಲು ಮುಟ್ಟಿದಾಗ ಹಸಿರು ಬಾವುಟ ತೋರುವವರು ದೆಹಲಿಯವರು, ಸಾಲದ ಕಂತು ಕಟ್ಟುವವರು ಬೆಂಗಳೂರಿನವರು ಎಂಬ ಶಂಕೆ ವಿಧಾನಸೌಧದ ಮೊಗಸಾಲೆಯಲ್ಲಿ ಬಹಿರಂಗವಾಗಿಯೇ ಓಡಾಡುತ್ತದೆ. ರೈಲ್ವೆಗೋ ತನ್ನ ದೂರಪ್ರಯಾಣದ ಗಾಡಿಗಳಿಗೆ ಇನ್ನಷ್ಟು ಹಳಿ ಹಾಕಲು ಅದೇ ಜಾಗ ಬೇಕು. ನಗರದೊಳಗಿನ ಪ್ರಯಾಣಿಕನಿಂದ ಬರುವ ಹತ್ತಿಪ್ಪತ್ತು ರೂಪಾಯಿಯ ಟಿಕೆಟ್ ಅದಕ್ಕೆ ಎಂದೂ ಆದಾಯವಾಗಿ ಕಂಡಿಲ್ಲ.

ಪಕ್ಷ ಬದಲಾದರೆ ಸಾಕೇ?

ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಇರುವುದೇ ಎಲ್ಲ ತೊಡಕಿಗೆ ಮೂಲ ಎನ್ನುವ ವಾದ ಕೇಳಲು ಹಿತವಾಗಿದೆ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಸಂಪುಟದೊಡನೆ ದೆಹಲಿಯ ಜಂತರ್ ಮಂತರ್‌ನಲ್ಲಿ ತೆರಿಗೆ ಪಾಲಿಗಾಗಿ ಧರಣಿ ಕುಳಿತರು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೇ ಹಣಕಾಸು ಆಯೋಗದ ಶೇ. 4.71ರಿಂದ ಹದಿನೈದನೆಯದರಲ್ಲಿ ಶೇ. 3.65ಕ್ಕೆ ಇಳಿದಿತ್ತು. ಆ ನೋವು ಸುಳ್ಳಲ್ಲ. ಗ್ಯಾರಂಟಿ ಯೋಜನೆಗಳಿಗೇ ಖಜಾನೆ ಬರಿದಾಗುತ್ತಿದೆ ಎಂಬ ಬಿಜೆಪಿಯ ಪ್ರತ್ಯುತ್ತರವೂ ಅಷ್ಟೇ ಏರುದನಿಯಲ್ಲಿ ಬಂತು. ಇವೆಲ್ಲದರ ನಡುವೆ ಹೆಬ್ಬಾಳದ ಕಂಬಗಳ ಸುದ್ದಿ ಕೇಳುವವರು ಕಡಿಮೆ.

ಆದರೆ 2019ರ ಜುಲೈಯಿಂದ 2023ರ ಮೇ ತಿಂಗಳವರೆಗೆ ಎರಡೂ ಕಡೆ ಒಂದೇ ಪಕ್ಷವಿತ್ತಲ್ಲ? 'ಡಬಲ್ ಎಂಜಿನ್' ಎಂದು ಹೆಸರಾದ ಆ ನಾಲ್ಕು ವರ್ಷಗಳಲ್ಲಿ ಸಂಪುಟದ ಒಪ್ಪಿಗೆ ಬಂತು, ಶಂಕುಸ್ಥಾಪನೆ ಆಯಿತು, ನಾಲ್ಕು ಮಾರ್ಗಗಳ ಪೈಕಿ ಒಂದರ ಗುತ್ತಿಗೆ ಹಂಚಿಕೆಯಾಯಿತು. ಅಷ್ಟೆ. ಜಾಗ ಬಿಟ್ಟುಕೊಡದ ಕಚೇರಿಗಳು ಆಗಲೂ ಅವೇ ಇದ್ದವು.

ಇನ್ನೂ ಹಿಂದಕ್ಕೆ ಹೋದರೆ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರ ದೇಶಕ್ಕೆ ಇಬ್ಬರು ರೈಲ್ವೆ ಸಚಿವರನ್ನು ಕೊಟ್ಟಿದೆ. 1991ರಿಂದ 1995ರವರೆಗೆ ಆ ಖಾತೆ ವಹಿಸಿದ್ದ ಸಿ.ಕೆ. ಜಾಫರ್ ಷರೀಫ್ ದೇಶದುದ್ದಕ್ಕೂ ಹಳಿಗಳನ್ನು ಒಂದೇ ಅಳತೆಗೆ ತರುವ ದೊಡ್ಡ ಕೆಲಸಕ್ಕೆ ಕೈಹಾಕಿದರು. 2014ರಲ್ಲಿ ಕೆಲವು ತಿಂಗಳು ಡಿ.ವಿ. ಸದಾನಂದಗೌಡರಿದ್ದರು. 2024ರಿಂದ ತುಮಕೂರಿನ ಸಂಸದ ವಿ. ಸೋಮಣ್ಣ ರಾಜ್ಯ ಸಚಿವರಾಗಿ ಅದೇ ಇಲಾಖೆಗೆ ಬಂದರು. 'ಚುಕುಬುಕು ಬೇಕು' ಎಂದು ಫಲಕ ಹಿಡಿದು ಬೆಂಗಳೂರಿನ ನಾಗರಿಕರು ರೈಲು ನಿಲ್ದಾಣಗಳಲ್ಲಿ ಸೇರಿದ್ದು ಇವರ ನಡುವಿನ ಅವಧಿಯಲ್ಲೇ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ತಿರುಗುಮುರುಗಾಗಿದೆ: ಪೂಜಾರಿ ನಮ್ಮ ಕೇರಿಯವನೇ ಆದರೂ ಪ್ರಸಾದ ಬರಲಿಲ್ಲ.

ನೆರೆಯ ರಾಜ್ಯಗಳ ಅನುಭವವೂ ಇದನ್ನೇ ಹೇಳುತ್ತದೆ. ಚೆನ್ನೈ ಮೆಟ್ರೊ ಎರಡನೇ ಹಂತ 118.9 ಕಿಲೋಮೀಟರ್, 63,246 ಕೋಟಿ ರೂ. ಕೇಂದ್ರದ ಒಪ್ಪಿಗೆಗೆ ಕಾಯುತ್ತಾ ಕುಳಿತುಕೊಳ್ಳದೆ ತಮಿಳುನಾಡು ತನ್ನದೇ ಯೋಜನೆಯಾಗಿ ಕೆಲಸ ಆರಂಭಿಸಿತು. ಅದರ ಸಾಲವೆಲ್ಲ ರಾಜ್ಯದ ಲೆಕ್ಕಕ್ಕೆ ಬಿದ್ದು ಖಜಾನೆ ಬಿಗಿಯಾಯಿತು. 2024ರ ಅಕ್ಟೋಬರ್ 3ರಂದು ಕೇಂದ್ರ ಸಂಪುಟ ಒಪ್ಪಿದ ಮೇಲೆ ಉಸಿರು ಬಂತು. ದುಬಾರಿ ದಾರಿಯೇ ಸರಿ, ಆದರೆ ಕೆಲಸ ನಿಲ್ಲಲಿಲ್ಲ. ಇದಕ್ಕೆ ಬದಲಾಗಿ ಹೈದರಾಬಾದ್ ನೋಡಿ. ಅಲ್ಲಿ ರೈಲ್ವೆ ಮತ್ತು ರಾಜ್ಯ ಸಮಪಾಲಿನಲ್ಲಿ ನಡೆಸಿದ ಎಂಎಂಟಿಎಸ್ ಉಪನಗರ ರೈಲು 2003ರಲ್ಲೇ ಓಡಿತು. ಎರಡನೇ ಹಂತದಲ್ಲಿ ಮೂರನೇ ಎರಡು ಪಾಲು ರಾಜ್ಯ ಕೊಡಬೇಕೆಂದಾಯಿತು. ರಾಜ್ಯದ ಕಂತು ಬಾಕಿ ಉಳಿದು, ಪತ್ರವ್ಯವಹಾರ ಬೆಳೆದು, ಕೆಲಸ ಹತ್ತು ವರ್ಷ ಕುಂಟಿತು. 2023ರ ಏಪ್ರಿಲ್‌ನಲ್ಲಿ ಉದ್ಘಾಟನೆ ಆಯಿತು. ನಮ್ಮ ಯೋಜನೆಯ ರಚನೆ ಈ ಎರಡನೆಯ ಮಾದರಿಗೇ ಹತ್ತಿರ ಎಂಬುದು ಸಮಾಧಾನದ ಸಂಗತಿಯಲ್ಲ.

ಕೊನೆಯ ಬಿಲ್ಲು ಯಾರಿಗೆ?

ತೀರ್ಮಾನವಾಗದ ಹೊಣೆ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದಕ್ಕೆ 2025ರ ಫೆಬ್ರವರಿಯ ಮೆಟ್ರೊ ದರ ಏರಿಕೆ ಸಾಕಷ್ಟು ತೋರಿಸಿಕೊಟ್ಟಿದೆ. ಗರಿಷ್ಠ ದರ 60 ರೂ.ಗಳಿಂದ 90 ರೂ.ಗಳಿಗೆ ಹಾರಿತು, ಕೆಲವು ದೂರಗಳಿಗೆ ಏರಿಕೆ ಶೇ. 71ರಷ್ಟಾಯಿತು. ದರ ನಿಗದಿ ಸಮಿತಿಯನ್ನು ರಚಿಸಿದ್ದು ಕೇಂದ್ರ ಎಂದು ರಾಜ್ಯ ಹೇಳಿತು, ಏರಿಸಿ ಎಂದು ಕೇಳಿದ್ದು ರಾಜ್ಯ ಎಂದು ಕೇಂದ್ರದ ಪಕ್ಷದವರು ಹೇಳಿದರು. ಸಾಲ ತೀರಿಸಬೇಕಾದ ನಿಗಮ ಇಬ್ಬರ ಮಾತಿನ ನಡುವೆ ಟಿಕೆಟ್ ಯಂತ್ರದಲ್ಲಿ ಹೊಸ ದರ ತುಂಬಿಸಿತು. ಉಪನಗರ ರೈಲಿನ ಸಾಲವೂ ಯೂರೋ ಲೆಕ್ಕದಲ್ಲಿ ಬೆಳೆದು ನಿಂತ ಮೇಲೆ, 2020ರ ಬಜೆಟ್ ಭಾಷಣದಲ್ಲಿ ಹೇಳಿದಂತೆ ಮೆಟ್ರೊ ಮಾದರಿಯ ದರವೇ ಇಲ್ಲಿಗೂ ಬಂದರೆ, ರಾಜಾನುಕುಂಟೆಯಿಂದ ಕಾರ್ಖಾನೆಯ ಪಾಳಿಗೆ ಹೊರಡುವವನಿಗೆ ಇದು ನಿಜಕ್ಕೂ ಅಗ್ಗದ ರೈಲಾಗಿ ಉಳಿಯುವುದೇ ಎಂಬುದನ್ನು ಈಗಲೇ ಕೇಳಬೇಕು.

ಮುಂದೆ ಗಮನಿಸಬೇಕಾದದ್ದು ಭಾಷಣಗಳನ್ನಲ್ಲ. ಪರಿಷ್ಕೃತ ಅಂದಾಜು ಕೇಂದ್ರ ಸಂಪುಟದ ಮುಂದೆ ಹೋಗುತ್ತದೆಯೇ, ಹೋದರೆ ಹೆಚ್ಚುವರಿ ವೆಚ್ಚದಲ್ಲೂ ಅದೇ ಶೇ. 20-20ರ ಹಂಚಿಕೆ ಇರುತ್ತದೆಯೇ ಅಥವಾ 15,767 ಕೋಟಿಗೆ ಕೇಂದ್ರದ ಪಾಲು ನಿಂತುಹೋಗುತ್ತದೆಯೇ ಎಂಬುದು ಮೊದಲನೆಯದು. ಹೊಸ ಗುತ್ತಿಗೆ ಕೊಡುವ ಮುನ್ನ ಜಾಗವೆಲ್ಲ ಕೆ-ರೈಡ್ ಕೈಯಲ್ಲಿದೆ ಎಂದು ಎರಡೂ ಸರ್ಕಾರಗಳು ಲಿಖಿತವಾಗಿ ಹೇಳುತ್ತವೆಯೇ ಎಂಬುದು ಇನ್ನೊಂದು. ಇಲ್ಲದಿದ್ದರೆ ಎರಡನೇ ಗುತ್ತಿಗೆದಾರ ಮೊದಲಿನವರ ದಾರಿಯನ್ನೇ ಹಿಡಿದಾನು. ರಾಜ್ಯಕ್ಕೆ ಶೇ. 51 ಪಾಲು ಬೇಕೆಂದಾದರೆ ಜಾಗ ಬಿಡಿಸುವ ಕೆಲಸದಲ್ಲೂ ಶೇ. 51ರಷ್ಟಾದರೂ ಹೊಣೆ ಹೊರಬೇಕು. ರೈಲ್ವೆಗೆ ತನ್ನ ಅಧಿಕಾರಿಯೇ ಬೇಕೆಂದಾದರೆ ತನ್ನದೇ ವಿಭಾಗಗಳ ಆಕ್ಷೇಪಣೆಗಳನ್ನು ಆ ಅಧಿಕಾರಿಯ ಮೇಜಿನ ಮೇಲೆ ಇತ್ಯರ್ಥಪಡಿಸುವ ಅಧಿಕಾರವನ್ನೂ ಕೊಟ್ಟು ಕಳಿಸಬೇಕು.

ಸಂಪುಟದ ಒಪ್ಪಿಗೆಯಲ್ಲಿ ನಮೂದಾದ ಆರು ವರ್ಷಗಳ ಅವಧಿ ಮುಗಿಯುವುದು 2026ರ ಅಕ್ಟೋಬರ್‌ಗೆ. ಅದಕ್ಕಿಂತ ಮೊದಲು, ಅಂದರೆ 2025ರ ಆಗಸ್ಟ್ 18ರಂದು, ಹೆಬ್ಬಾಳದ ಮೇಲ್ಸೇತುವೆಗೆ ಹೊಸದೊಂದು ರ‍್ಯಾಂಪ್ ತೆರೆಯಿತು; ಕೆ.ಆರ್. ಪುರದ ಕಡೆಯಿಂದ ಮೇಖ್ರಿ ವೃತ್ತದತ್ತ ಹೋಗುವ ವಾಹನಗಳಿಗೆ ಸ್ವಲ್ಪ ಆರಾಮವಾಯಿತು. ಅದೇ ಸೇತುವೆಯ ಕೆಳಗೆ ರೈಲು ಹಳಿ ಹಾದುಹೋಗಿದೆ. ಮೇಲೆ ಕಾರುಗಳಿಗೆ ದಾರಿ ಸಿಕ್ಕ ಆ ದಿನವೂ ಕೆಳಗಿನ ಹೆಬ್ಬಾಳ ನಿಲ್ದಾಣದಲ್ಲಿ ನಗರದೊಳಗೆ ಓಡಾಡುವವರಿಗಾಗಿ ಹೆಚ್ಚುವರಿಯಾಗಿ ಒಂದು ರೈಲೂ ಬಂದು ನಿಲ್ಲಲಿಲ್ಲ.